ಶಿವಪ್ರಕಾಶ ಗಿಟಾರ್ ಒಡೆದದ್ದೇಕೆ

“ನನ್ನ ಹೆಸರು ತಗೀಬ್ಯಾಡ್ರಿ.”

ಗ್ರೀನ್ ರೂಮಿನ ಬಾಗಿಲಲ್ಲಿ ನಿಂತು ಸುವರ್ಣಾ ಹೇಳಿದ ಮೊದಲ ಮಾತೇ ಅದು. ಮೂವತ್ತೈದು ವರ್ಷದ ಮೇಲೆ ಭೇಟಿಯಾದವರಿಗೆ ಒಂದು ನಮಸ್ಕಾರವಾದರೂ ಬೇಡವೇ? ಹೇಳೋಣವೆಂದೇ ಬಂದಿದ್ದಳು. ಕನ್ನಡಿಯಲ್ಲಿ ಆ ಮುಖ ಕಂಡದ್ದೇ ತಡ, ನಮಸ್ಕಾರ ಮರೆತೇಹೋಯಿತು.

ಗಿಟಾರಿನ ಕಿವಿ ಹಿಂಡಿ ಶ್ರುತಿ ಮಾಡುತ್ತಿದ್ದ ಶಿವಪ್ರಕಾಶ ಕೈ ನಿಲ್ಲಿಸಿ, ಕನ್ನಡಿಯಲ್ಲೇ ಅವಳನ್ನು ನೋಡಿದ. ಬೆಳ್ಳಗಾದ ಕೂದಲನ್ನು ಭುಜದ ತನಕ ಇಳಿಬಿಟ್ಟಿದ್ದ. ಅರವತ್ತರ ಗಂಡಸಿಗೆ ಇದೇನು ಚೆಂದ ಎಂದುಕೊಂಡಳು. ಚೆಂದವೇ ಇತ್ತು, ಅದೇ ಅವಳ ಸಿಟ್ಟು.

“ನನಗ ರೀ ಅನ್ನೂದು ಯಾವಾಗಿಂದ ಕಲ್ತಿ, ಸುವರ್ಣಾ?”

“ಚಾಷ್ಟಿ ಬ್ಯಾಡ. ನನ್ನ ಮಗಳು ಹೊರಗ ಎರಡನೇ ಸಾಲಿನ್ಯಾಗ ಕುಂತಾಳ. ಆಕಿಗೆ ಏನೂ ಗೊತ್ತಿಲ್ಲ.”

ಹೊರಗೆ ಅಬಿಡ್ಸಿನ ಆ ಹಳೆಯ ಹಾಲ್ ತುಂಬಿ ತುಳುಕುತ್ತಿತ್ತು. ಹಿಂದಿನ ಕಾಲದ ರಾಕ್ ಸ್ಟಾರುಗಳು ತಮ್ಮ ಬಾಳಿನ ಕಥೆ ಹೇಳುವ ಕಾರ್ಯಕ್ರಮ. ಹೈದರಾಬಾದಿನ ‘ಗ್ರಾನೈಟ್’ ಬ್ಯಾಂಡಿನ ಶಿವಪ್ರಕಾಶನ ಬಗ್ಗೆ ಅಭಿಮಾನಿಗಳಿಗೆಲ್ಲ ಎರಡು ಪ್ರಶ್ನೆ ಬಾಯಿಪಾಠ. ಎಂಬತ್ತೊಂಬತ್ತರಲ್ಲಿ, ಇದೇ ವೇದಿಕೆಯ ಮೇಲೆ, ಹಾಡಿನ ನಡುವೆ ಅವನು ಗಿಟಾರನ್ನು ನೆಲಕ್ಕೆ ಬಡಿದು ಚೂರು ಮಾಡಿದ್ದೇಕೆ? ಅವನ ಹಾಡುಗಳಲ್ಲಿ ಪರದೆಯ ಹಿಂದಿನಿಂದ ಕೇಳಿಬರುತ್ತಿದ್ದ ಆ ಹೆಣ್ಣು ದನಿ ಯಾರದು? ಮೊದಲನೆಯದಕ್ಕೆ ಹತ್ತು ಬಾಯಿಗೆ ಹತ್ತು ಕಥೆ. ಎರಡನೆಯದಕ್ಕೆ ಉತ್ತರ ಈಗ ಕಾಟನ್ ಸೀರೆ ಉಟ್ಟು ಗ್ರೀನ್ ರೂಮಿನ ಬಾಗಿಲಲ್ಲಿ ನಿಂತಿತ್ತು.

ಆಗ ಅವಳಿಗೆ ಇಪ್ಪತ್ತೆರಡು. ಕುಷಾಯಿಗೂಡದಲ್ಲಿ ಕಾಕಾ ಹಣಮಂತರಾಯರ ಮನೆಯಲ್ಲಿದ್ದುಕೊಂಡು, ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುವ ಕೆಲಸ ಮಾಡುತ್ತಿದ್ದಳು. ಮನೆಗೆ ಓವರ್‌ಟೈಮ್ ಎಂದು ಹೇಳಿ, ನಾಚಾರಂನ ಖಾಲಿ ಶೆಡ್ಡಿಗೆ ಪ್ರಾಕ್ಟೀಸಿಗೆ ಓಡುತ್ತಿದ್ದಳು. ಶಿವಪ್ರಕಾಶನ ಗಿಟಾರಿನಲ್ಲಿ ನಾದ ಹಿಡಿಯುವ ಪಿಕಪ್ ಸುರುಳಿ ಕೆಟ್ಟಾಗ, ಕೂದಲಿಗಿಂತ ತೆಳುವಾದ ತಂತಿಯನ್ನು ಕೈಯಾರೆ ಸುತ್ತಿ ಸರಿಮಾಡಿಕೊಟ್ಟವಳು ಅವಳೇ. “ಇನ್ನ ಈ ಗಿಟಾರ್ ನಿನ್ನ ಮಾತ ಕೇಳೂದು” ಎಂದು ಅವನು ಕಣ್ಣು ಮಿಟುಕಿಸಿದ್ದ. ಅಷ್ಟಕ್ಕೇ ಹುಡುಗಿಯ ನಿದ್ದೆ ಕೆಟ್ಟಿತ್ತು.

ಆ ಸಂಜೆ ಶೋ ಶುರುವಾಗುವ ಮೊದಲು ಅವಳು ನೇರವಾಗಿ ಕೇಳಿದ್ದಳು. “ಬೀದರಿನಿಂದ ಸಂಬಂಧ ಬಂದೈತಿ. ಕಾಕಾನ ಹತ್ರ ಬಂದು ನನ್ನ ಕೇಳ್ತೀಯೋ ಇಲ್ಲೋ?”

“ಹಾಡು ಮುಗೀಲಿ, ಹೇಳ್ತೀನಿ” ಎಂದಿದ್ದ.

ಹಾಡು ಮುಗಿಯಲೇ ಇಲ್ಲ. ಅವಳು ಸುತ್ತಿದ ಸುರುಳಿಯ ಸಮೇತ ಗಿಟಾರ್ ಚೂರುಚೂರಾಯಿತು. ಒಲ್ಲೆ ಅನ್ನಲು ಇದಕ್ಕಿಂತ ದೊಡ್ಡ ಸದ್ದು ಬೇಕೇ? ಹಿಂಬಾಗಿಲಿನಿಂದ ಓಡಿದಳು, ಬಸ್ಸಿನಲ್ಲಿ ಅತ್ತಳು, ಮನೆ ಸೇರಿದವಳೇ ಬೀದರಿನ ಸಂಬಂಧಕ್ಕೆ ಹೂಂ ಅಂದಳು. ಗಂಡ ಒಳ್ಳೆಯವನೇ, ಅವಳ ನೌಕರಿಗೆಂದು ಹೈದರಾಬಾದಿಗೇ ಬಂದು ನೆಲೆಸಿದ. ಅವನು ತೀರಿಕೊಂಡು ಐದು ವರ್ಷವಾಗಿತ್ತು.

“ನಿನ್ನ ಹೆಸರು ನಾ ಒಂದಿನಾರ ತಗದೀನೇನು?” ಶಿವಪ್ರಕಾಶ ಈಗ ತಿರುಗಿ ನಿಂತಿದ್ದ. “ಪೇಪರಿನವ್ರು ಕೇಳಿದ್ರು, ಟಿವಿಯವ್ರು ಕೇಳಿದ್ರು. ಒಬ್ಬರಿಗಾರ ಹೇಳೀನೇನು?”

“ಬ್ಯಾಡಾದಾಕಿ ಹೆಸರು ಯಾರು ಹೇಳ್ತಾರ?”

“ಬ್ಯಾಡಾದಾಕಿ?”

“ಮತ್ತ? ಬಾಯಿಲೆ ಒಲ್ಲೆ ಅಂದಿದ್ರ ಸಾಕಿತ್ತು. ನಾ ಸುತ್ತಿದ್ದನ್ನ ಊರ ಮಂದಿ ಮುಂದ ಒಡೀಬೇಕಿತ್ತೇನು?”

ಅವನ ಮುಖದ ಬಣ್ಣವೇ ಇಳಿದುಹೋಯಿತು. “ಇಷ್ಟು ವರ್ಷ ನೀ ಹಂಗ ತಿಳ್ಕೊಂಡಿದ್ದಿ?”

ಯಾರೋ ಬಾಗಿಲು ಬಡಿದರು. “ಸರ್, ಪಾಂಚ್ ಮಿನಿಟ್!” ಕಾರ್ಯಕ್ರಮದ ನಿರೂಪಕ ಅಕ್ಷಯನ ದನಿ.

“ಸುವರ್ಣಾ, ನೀ ಪರದೆ ಹಿಂದಿದ್ದಿ. ನಿನಗ ಹಾಲ್ ಕಾಣ್ತಿದ್ದಿಲ್ಲ.” ಶಿವಪ್ರಕಾಶ ದನಿ ತಗ್ಗಿಸಿದ. “ನಿಮ್ಮ ಕಾಕಾ ಬಂದಿದ್ರು. ಯಾರೋ ಚಾಡಿ ಹೇಳಿದ್ರಂತ ಕಾಣ್ತೈತಿ. ಸೀದಾ ಸ್ಟೇಜಿನ ಮೆಟ್ಟಲಾ ಹತ್ತಾಕತ್ತಿದ್ರು. ಇನ್ನೊಂದು ಕ್ಷಣ ಆಗಿದ್ರ ನೀ ಕೈಗೆ ಸಿಗ್ತಿದ್ದಿ. ಮಂದಿ ಎದ್ದು ನುಗ್ಗಬೇಕಿತ್ತು, ಅವರು ಆ ಗದ್ದಲದಾಗ ಸಿಕ್ಕೊಬೇಕಿತ್ತು, ನೀ ಹಿಂದಿನ ಬಾಗಲಾ ಹಿಡೀಬೇಕಿತ್ತು. ನನ್ನ ಕೈಯಾಗ ಇದ್ದದ್ದು ಅದೊಂದ.”

ಸುವರ್ಣಾಗೆ ಈಗ ನೆನಪಾಯಿತು. ಆ ದಿನ ಕಾಕಾ ಅಂಗಿ ಹರಿದುಕೊಂಡು ಮನೆಗೆ ಬಂದಿದ್ದರು. ಬಸ್ಸಿನ ನೂಕುನುಗ್ಗಲು ಎಂದಿದ್ದರು. ಸಾಯುವ ತನಕ ಬೇರೇನೂ ಬಾಯಿ ಬಿಟ್ಟಿರಲಿಲ್ಲ.

“ಮರುದಿನ ಬಂದು ಹೇಳಬಾರದಿತ್ತೇನು?”

“ಬಂದಿದ್ದೆ. ಇಸ್ತ್ರಿ ಅಂಗಿ ಹಾಕ್ಕೊಂಡು, ಕೂದಲಾ ಕತ್ತರಿಸ್ಕೊಂಡು ಬಂದಿದ್ದೆ. ‘ಹುಡುಗಿ ನಿನ್ನೆ ರಾತ್ರೀನ ಬೀದರಿನ ಸಂಬಂಧಕ್ಕ ಒಪ್ಪ್ಯಾಳ’ ಅಂತ ಹೇಳಿ ನಿಮ್ಮ ಕಾಕಾ ಬಾಗಲಾ ಹಾಕಿದ್ರು. ನೀ ಒಪ್ಪಿದ ಮ್ಯಾಲ ನಾ ಬಾಯಿ ತಗದ್ರ ನಿನ್ನ ಸಂಸಾರ ಉಳೀತಿತ್ತೇನು?”

ಕೇಳಬೇಕಾದ್ದು ನೂರಿತ್ತು. ಅವಳ ಬಾಯಿಂದ ಬಂದದ್ದು ಮಾತ್ರ ಬೇರೆ. “ಕೂದಲಾ ಕತ್ತರಿಸಿದ್ದಿ?”

“ಭಾಳ ಕೆಟ್ಟ ಕಾಣಾಕತ್ತಿದ್ದೆ.”

“ನಾ ನೋಡಬೇಕಿತ್ತು.”

ಇಬ್ಬರೂ ನಗಲು ಹೋದರು, ಆಗಲಿಲ್ಲ. ಬಾಗಿಲು ಮತ್ತೆ ಬಡಿಯಿತು. ಹೊರಡುವಾಗ ಅವನು ಅವಳ ಪಕ್ಕದಲ್ಲಿ ಒಂದು ಗಳಿಗೆ ನಿಂತ. ಮುಟ್ಟಲಿಲ್ಲ. “ಹೆಸರು ತಗಿಯೂದಿಲ್ಲ. ಆರಾಮ ಕುಂದ್ರು” ಎಂದು ಹೋದ.

ಅವಳು ಬಂದು ಕುಳಿತಾಗ ಮಗಳು ರಶ್ಮಿ ಮುಖ ನೋಡಿದಳು. “ಮಮ್ಮಿ, ಎಲ್ಲಿ ಹೋಗಿದ್ದಿ? ಮುಖ ಯಾಕ ಕೆಂಪಾಗೇತಿ?”

“ಬಿಸಲು.”

“ಎಸಿಯೊಳಗ ಬಿಸಲಾ?”

ಅಷ್ಟರಲ್ಲಿ ವೇದಿಕೆಯ ಮೇಲೆ ಅಕ್ಷಯ ಗಿಟಾರ್ ಒಡೆದದ್ದೇಕೆಂದು ಸೀದಾ ಕೇಳಿಯೇಬಿಟ್ಟ. “ಸರ್, ಸಚ್ ಬತಾಯಿಯೇ. ಗಿಟಾರ್ ಕ್ಯೂಂ ತೋಡಾ?”

ಶಿವಪ್ರಕಾಶ ಸುವರ್ಣಾ ಇದ್ದ ಸಾಲೊಂದನ್ನು ಬಿಟ್ಟು ಉಳಿದೆಲ್ಲ ಸಾಲುಗಳನ್ನೂ ನೋಡಿದ.

“ಪೀಕೋ ಥಾ, ಮಿಯಾ” ಎಂದ. ಕುಡಿದಿದ್ದೆ, ಅಷ್ಟೇ.

“ಔರ್ ವೋ ಲಡ್ಕಿ ಕೀ ಆವಾಜ್?” ಆ ಹೆಣ್ಣು ದನಿಯ ಬಗ್ಗೆಯೂ ಕೇಳಿದ ಅಕ್ಷಯ.

“ಥೀ ಕೋಯಿ. ನಾಮ್ ಯಾದ್ ನಹೀಂ.”

ಹಾಲ್ ಬಿದ್ದು ಬಿದ್ದು ನಕ್ಕಿತು. ರಶ್ಮಿಯೂ ನಕ್ಕಳು. “ಎಂಥಾ ಕುಡುಕ ನೋಡ ಮಮ್ಮಿ! ಪಾಪ ಆ ಹುಡುಗಿ, ಆಕಿ ಹೆಸರೂ ನೆನಪಿಲ್ಲಂತ!”

ವಿಸ್ಕಿಯ ವಾಸನೆಗೇ ಮೂಗು ಮುಚ್ಚುತ್ತಿದ್ದ ಮನುಷ್ಯ ಅವನು. ಅವಳ ಮರ್ಯಾದೆ ಉಳಿಸಲು ತನ್ನದನ್ನು ಎಲ್ಲರ ಕಾಲಡಿಗೆ ಹಾಕಿ ನಗುತ್ತ ಕುಳಿತಿದ್ದ. ಈಗಲೂ ಸುಮ್ಮನಿದ್ದರೆ ಅವನ ಪಾಲಿಗೆ ಕೊನೆಗೂ ಆ ಸುಳ್ಳೇ ಉಳಿಯುತ್ತದೆ. ಎದ್ದರೆ ಮಗಳು ಏನೆಂದುಕೊಂಡಾಳು? ಸುವರ್ಣಾಗೆ ಭಯವಾಯಿತು, ತುಂಬ ಭಯವಾಯಿತು. ಆದರೂ ಎದ್ದಳು.

“ಸುಳ್ಳ ಹೇಳಾಕತ್ತಾರ!”

ಎಲ್ಲಿದ್ದೇನೆಂಬುದೂ ಮರೆತು ಕನ್ನಡದಲ್ಲೇ ಕೂಗಿದ್ದಳು. ರಶ್ಮಿ ಸೆರಗು ಹಿಡಿದೆಳೆದಳು. “ಮಮ್ಮಿ, ಏನ್ ಮಾಡಾಕತ್ತಿ? ಕುಂದ್ರು!”

“ಇಷ್ಟು ವರ್ಷ ಕುಂತಿದ್ದೆ. ಸಾಕು, ರಶ್ಮಿ.”

ವೇದಿಕೆ ಹತ್ತಿದವಳಿಗೆ ಅಕ್ಷಯ ಗಾಬರಿಯಲ್ಲೇ ಮೈಕ್ ಕೊಟ್ಟ. “ವೋ ಆವಾಜ್ ಮೇರಿ ಥೀ” ಎಂದಳು. ಆ ದನಿ ನನ್ನದು. ನಗು ನಿಂತಿತು. ಪರದೆ, ಕಾಕಾ, ಹಿಂಬಾಗಿಲು, ಎಲ್ಲವನ್ನೂ ತನ್ನ ಹರಕುಮುರುಕು ಹಿಂದಿಯಲ್ಲಿ ಹೇಳಿದಳು. ಹೇಳುವಷ್ಟು ಹೊತ್ತೂ ಅವಳ ಕಣ್ಣು ಎರಡನೇ ಸಾಲಿನ ಮೇಲೇ ಇತ್ತು. ರಶ್ಮಿ ಬಾಯಿಗೆ ಕೈ ಹಿಡಿದು ಎದ್ದು ನಿಂತಿದ್ದಳು. ಆಮೇಲೆ ಅಳುತ್ತಲೇ ಕೂಗಿದಳು:

“ಮಮ್ಮಿ, ಮುಂದ?”

ಸುವರ್ಣಾಳ ಎದೆಯ ಮೇಲಿನ ಕಲ್ಲು ಇಳಿಯಿತು. ಅವಳು ಶಿವಪ್ರಕಾಶನ ಕಡೆ ತಿರುಗಿದಳು.

“ಅವತ್ತು ಕಾಕಾನ ಕೇಳಾಕ ಬಂದಿದ್ದಿ. ಈಗ ಮನ್ಯಾಗ ಹಿರಿಯಾಕಿ ನಾನ. ಕೇಳೂದಿದ್ರ ನನ್ನ ಕೇಳು.”

ಅವನು ಗಿಟಾರನ್ನು ಜೋಪಾನವಾಗಿ ಕುರ್ಚಿಗೆ ಒರಗಿಸಿ ಎದ್ದು ನಿಂತ.

“ಕೇಳಾಕತ್ತೀನಿ, ಸುವರ್ಣಾ. ನನ್ನ ಕೂಡ ಬಾಳ್ವಿ ಮಾಡ್ತೀಯೇನು?”

“ಹೂಂ” ಎಂದಳು. ಅವನಿಗಷ್ಟೇ ಕೇಳಲೆಂದು ಮೆಲ್ಲಗೆ ಅಂದದ್ದು. ಆದರೆ ಮೈಕ್ ಕೈಯಲ್ಲೇ ಇತ್ತು, ಆ ಹೂಂ ಹಾಲಿನ ಕೊನೆಯ ಸಾಲಿನ ತನಕ ಕೇಳಿಸಿತು.