ನೀರಿನ ಹಿಂದಿನ ಬಿಳಿ ಆಕಾರ

"ಏ ಶಿವಾನಿ, ವಿಡಿಯೋ ಸ್ವಲ್ಪ ಹಿಂದಕ್ಕೆ ಹಾಕು! ಅಲ್ಲಿ ಯಾರೋ ಇದಾರೆ ಕಣೇ!"

ಕೇದಾರ್ ಫೋನಿನ ಮೇಲೆ ಬೆರಳಿಟ್ಟ. ಮಳೆ ಆಗಷ್ಟೇ ನಿಂತಿತ್ತು. ಶಂಕರಪುರಂನ ಆ ಪುಟ್ಟ ಪಾರ್ಕಿನಲ್ಲಿ ಈಗ ಗೆಳೆಯರಿಬ್ಬರೇ.

ಎದುರಿಗೆ, ಜೋಡಿಸಿಟ್ಟ ಬಂಡೆಗಳ ಮೇಲಿಂದ ಪಂಪಿನ ನೀರು ಜಲಪಾತದ ಹಾಗೆ ಧುಮುಕುತ್ತಿತ್ತು. ಶಿವಾನಿ ಅಮ್ಮನ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಮೇಲೊಂದು ಕೊಡೆ ಕಟ್ಟಿ, ಆಗಾಗ ಒಂದೊಂದು ಫೋಟೋ ತೆಗೆದು ಸರಸರ ಓಡಿಸುವ ಟೈಮ್ ಲ್ಯಾಪ್ಸ್ ಹಾಕಿದ್ದಳು. "ಶೂಟಿಂಗ್ ನಡೀತಿದೆ! ಯಾರೂ ಅಲ್ಲಾಡ್ಬೇಡಿ!" ಎಂದು ಡೈರೆಕ್ಟರ್ ಥರ ಕೂಗಿಯೂ ಇದ್ದಳು. ಆಮೇಲೆ ಮಳೆ ಬಂತು. ಇಬ್ಬರೂ ಓಡಿಹೋಗಿ ಗೇಟಿನ ಮಾಡಿನ ಕೆಳಗೆ ನಿಂತರು. ಫೋನ್ ಮಾತ್ರ ತನ್ನ ಪಾಡಿಗೆ ಫೋಟೋ ತೆಗೆಯುತ್ತಲೇ ಇತ್ತು.

ಸ್ಕೂಲಿನ ವಿಡಿಯೋ ಸ್ಪರ್ಧೆಗೆ ಇವತ್ತೇ ಕಳಿಸಬೇಕು. ರೂಲ್ ಒಂದೇ. ಮನುಷ್ಯರು ಕಾಣಿಸಬಾರದು.

ವಿಡಿಯೋ ಮತ್ತೆ ಶುರುವಾಯಿತು. ಬಿಸಿಲು ಬಂತು, ಹೋಯಿತು. ಕಪ್ಪು ಮೋಡಗಳು ದಡದಡ ಓಡಿದವು. ನಡೆದುಹೋದವರೆಲ್ಲ ಒಬ್ಬರೂ ಕಾಣದ ಹಾಗೆ ಮಾಯವಾಗಿದ್ದರು. ಆದರೆ ನೀರಿನ ಹಿಂದೆ, ಎಡಗಡೆ, ಒಂದು ಬಿಳಿ ಆಕಾರ. ಮೊದಲಿಂದ ಕೊನೆವರೆಗೂ ಒಂಚೂರೂ ಅಲ್ಲಾಡಿರಲಿಲ್ಲ.

"ಅಲ್ಲಿ ಯಾರೂ ಇರ್ಲಿಲ್ವಲ್ಲೋ," ಶಿವಾನಿ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು.

"ಮನುಷ್ಯರಾಗಿದ್ರೆ ಅಲ್ಲಾಡ್ತಿದ್ರು. ಇದು..." ಕೇದಾರ್ ಫೋನಿನಿಂದ ಬೆರಳು ಹಿಂದಕ್ಕೆಳೆದ. "ಆ ಮೂಲೆ ಕ್ರಾಪ್ ಮಾಡ್ಬಿಡು. ಮನೆಗ್ ಹೋಗೋಣ, ಪ್ಲೀಸ್!"

ಅಷ್ಟರಲ್ಲಿ ಕರೆಂಟ್ ಹೋಯಿತು. ಪಂಪಿನ ಸದ್ದು ನಿಂತಿತು. ನೀರು ತೆಳ್ಳಗಾಯಿತು, ಎಳೆ ಎಳೆಯಾಯಿತು, ನಿಂತೇಹೋಯಿತು.

ಬಿಳಿ ಆಕಾರ ಅಲ್ಲೇ ನಿಂತಿತ್ತು.

ಶಿವಾನಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಕೇದಾರ್ ಅವಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡ. ಆಗ ಆ ಆಕಾರದ ತುಟಿ ಅಲ್ಲಾಡಿತು.

"ಆಯ್ತೇನಮ್ಮಾ ಫೋಟೋ? ಈಗ ಅಲ್ಲಾಡ್ಬೋದಾ?"

ದೊಡ್ಡಬೈರಪ್ಪ ತಾತ! ದಿನಾ ಪಾರ್ಕಿಗೆ ವಾಕಿಂಗ್ ಬರುವವರು. ಬಿಳಿ ಪಂಚೆ, ಬಿಳಿ ಅಂಗಿ ಎಲ್ಲ ಮೈಗೆ ಅಂಟಿಕೊಂಡಿದ್ದವು. ಹಲ್ಲು ಕಟಕಟ ಅನ್ನುತ್ತಿದ್ದವು.

"ಅಷ್ಟೊತ್ತೂ ಅಲ್ಲೇ ನಿಂತಿದ್ರಾ ತಾತ? ಮಳೇಲಿ?" ಎಂದಳು ಶಿವಾನಿ.

"ಬಂಡೆ ಹಿಂದಿಂದ ಬರ್ತಿದ್ದೆ. ನೀನು ಕೂಗಿದ್ಯಲ್ಲ! ನಮ್ ಕಾಲ್ದಲ್ಲಿ ಸ್ಟುಡಿಯೋದವ್ರೂ ಹಂಗೇ ಹೇಳೋರು. ಒಬ್ರು ಅಲ್ಲಾಡಿದ್ರೂ ಇಡೀ ಫೋಟೋ ಹಾಳು. ಅದ್ಕೇ ನಿಂತ್ಬಿಟ್ಟೆ."

"ಅಯ್ಯೋ ತಾತ, ಸುಮ್ನೆ ನಡ್ಕೊಂಡ್ ಹೋಗಿದ್ರೆ ವಿಡಿಯೋದಲ್ಲಿ ಕಾಣಿಸ್ತಾನೇ ಇರ್ಲಿಲ್..." ಕೇದಾರ್ ಶುರು ಮಾಡಿದ. ಶಿವಾನಿ ಅವನ ಕಾಲು ತುಳಿದಳು.

"ನಾನೇನಾದ್ರೂ ಕೆಡಿಸ್ಬಿಟ್ನೇನಮ್ಮ?"

ಶಿವಾನಿ ತಾತನ ಪಕ್ಕ ನಿಂತು ವಿಡಿಯೋ ಹಾಕಿದಳು. ಮೋಡ ಓಡಿತು, ಬಿಸಿಲು ಓಡಿತು, ಮಳೆ ಓಡಿತು. ತಾತ ಮಾತ್ರ ಉಸಿರು ಬಿಗಿಹಿಡಿದು ಅವಳಿಗಾಗಿ ನಿಂತೇ ಇದ್ದರು.

"ಕ್ರಾಪ್ ಮಾಡೇ," ಕೇದಾರ್ ಪಿಸುಗುಟ್ಟಿದ. "ಇಲ್ಲಾಂದ್ರೆ ರಿಜೆಕ್ಟ್ ಮಾಡ್ತಾರೆ."

"ಮಾಡ್ಲಿ ಬಿಡು," ಎಂದಳು ಶಿವಾನಿ. ಫೋನನ್ನು ಅವನ ಕೈಗೆ ಕೊಟ್ಟು, ತಾತನ ಕಡೆ ತಿರುಗಿ ತನ್ನ ಸ್ವೆಟರ್ ಬಿಚ್ಚತೊಡಗಿದಳು.