ಹೂಲಿ ಮಾಸ್ತರರ ಪಡಿರೋಗಿ

"ಮೊಣಕಾಲು ಭಾಳ ನೋಯ್ತಿತ್ತು. ಬಾಜೂಮನಿ ಬಸಣ್ಣ ಒಂದು ನೋವಿನ ಗುಳಿಗಿ ಕೊಟ್ಟ. ನುಂಗಿಬಿಟ್ಟೆ," ಎಂದ ಪರದೆಯ ಮೇಲಿನ ಹೂಲಿ ಮಾಸ್ತರ.

"ನುಂಗಿದೇನು? ಬುದ್ಧಿ ಐತೇನು ನಿನಗ?" ಎಂದು ಗುಡುಗಿದರು ಪರದೆಯ ಎದುರಿನ ಹೂಲಿ ಮಾಸ್ತರರು. "ಮೊದಲ ರಕ್ತ ತೆಳ್ಳಗ ಮಾಡೂ ಗುಳಿಗಿ ತಗೋತಿ. ಅದರ ಮ್ಯಾಲ ಇದೂ ಬಿದ್ರ ಹೊಟ್ಟ್ಯಾಗ ರಕ್ತ ಒಸರತೈತಿ. ಡಾಕ್ಟರನ್ನ ಕೇಳಿದೇನು?"

"ಬಸಣ್ಣನ್ನ ಕೇಳಿದ್ನಲ್ಲಾ."

"ಅಂವ ರಿಪೇರಿ ಮಾಡೂದು ಬೋರಿನ ಪಂಪು. ನಿಂದು ಎದಿಯಾಗಿನ ಪಂಪು."

ಇಬ್ಬರಿಗೂ ಒಂದೇ ಬೋಳುತಲೆ, ಮೂಗಿನಿಂದ ಜಾರುವ ಒಂದೇ ಕನ್ನಡಕ. ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ಕೂತು ಧಾರವಾಡದ ಈ ಪಾಠವನ್ನು ನೋಡುತ್ತಿದ್ದ ಮೇದಿನಿ ಗುತ್ತಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪರದೆಯ ಮೇಲಿನವನು ಅವಳ ಸೃಷ್ಟಿ. ಹೆಸರು ಪಡಿರೋಗಿ, ಅಂದರೆ ರೋಗಿಯ ಪಡಿಯಚ್ಚು.

ಮಾಸ್ತರರ ಹೃದಯಕ್ಕೆ ಲೋಹದ ಕವಾಟ ಕೂರಿಸಿದ್ದರು. ಲೋಹಕ್ಕೆ ತಾಗಿದ ರಕ್ತ ಹೆಪ್ಪುಗಟ್ಟಬಾರದೆಂದು ಬದುಕಿರುವವರೆಗೂ ರಕ್ತ ತೆಳುವಾಗಿಸುವ ಔಷಧಿ ಬೇಕು. ಅದು ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ಸೋರಿಕೆ. ತಿನ್ನುವ ಸೊಪ್ಪು, ಹಿಡಿಯುವ ಉಪವಾಸ, ಬಸಣ್ಣನ ದಾಕ್ಷಿಣ್ಯ, ಎಲ್ಲವೂ ಆ ತಕ್ಕಡಿಯನ್ನು ಅಲುಗಾಡಿಸುತ್ತವೆ. ಹೀಗಾಗಿ ಮಾತ್ರೆ ಮಾತ್ರ ಸಾಲದು, ಮಾತೂ ಬೇಕು. ಹಿಂದಿನವರು ಅದಕ್ಕೆಂದೇ ಆನ್‌ಲೈನ್ ಪಾಠಗಳನ್ನು ಮಾಡಿದ್ದರು. ರೋಗಿಗಳು ವಿಡಿಯೊ ಹಚ್ಚಿ, ಅದು ಮುಗಿಯುವವರೆಗೆ ಚಹಾ ಕುಡಿದು, ಕೊನೆಗೆ "ತಿಳಿಯಿತು" ಎಂಬ ಗುಂಡಿ ಒತ್ತುತ್ತಿದ್ದರು. ತಿಳಿಯದವರೂ ಒತ್ತುತ್ತಿದ್ದರು.

ಮೇದಿನಿ ಪಾಠವನ್ನೇ ತಿರುವಿ ಹಾಕಿದಳು. ಅವಳ ಯಂತ್ರ ಏನನ್ನೂ ಕಲಿಸುವುದಿಲ್ಲ. ರೋಗಿಯ ಮುಖ, ದನಿ, ಚಟ ಎಲ್ಲವನ್ನೂ ಅಣಕಿಸುವ ಒಬ್ಬ ದಡ್ಡನನ್ನು ಎದುರಿಗೆ ಕೂರಿಸುತ್ತದೆ. ಅವನು ಎಡವುತ್ತಾನೆ, ರೋಗಿ ಅವನನ್ನು ತಿದ್ದಿ ಬದುಕಿಸಬೇಕು. ಅವನ ಮುಂದೆ ಬರೀ "ಹೂಂ" ಎಂದರೆ ನಡೆಯುವುದಿಲ್ಲ.

ಹೂಲಿ ಮಾಸ್ತರರಿಗೆ ಇದು ಹಬ್ಬವಾಯಿತು. ಅವರು ಮೇದಿನಿಗೆ ಶಾಲೆಯಲ್ಲಿ ಗಣಿತ ಕಲಿಸಿದವರು. ಹುಡುಗರ ಬಾಯಲ್ಲಿ ಹೂಲಿಯ ದೀರ್ಘ ಬಿದ್ದುಹೋಗಿ ಹುಲಿ ಮಾಸ್ತರ ಎಂದೇ ಆಗಿತ್ತು. "ತಿಳೀತು ಅಂದವರು ಹಲಗಿ ಕಡೆ ಬರ್ರಿ" ಎಂಬುದು ಅವರ ಗರ್ಜನೆ. ಅದನ್ನು ಅಣಕಿಸಿ ತೋರಿಸುತ್ತಿದ್ದ ಮೇದಿನಿ ಒಮ್ಮೆ ಸಿಕ್ಕಿಬಿದ್ದು ಬೆಂಚಿನ ಮೇಲೆ ನಿಂತದ್ದೂ ಉಂಟು. ಈಗ ರಕ್ತ ತೆಳುವಾದರೂ ಸಿಟ್ಟು ದಪ್ಪಗೇ ಉಳಿದಿತ್ತು. ಪಡಿರೋಗಿಗೆ ಬಿಡಿಸಿ ಹೇಳಲೆಂದು ಅವರು ಕೋಣೆಗೆ ಕರಿಹಲಗೆಯನ್ನೂ ತರಿಸಿಕೊಂಡಿದ್ದರು.

ಮೊಮ್ಮಗಳು ಇಂಚರಾಳ ನಿಶ್ಚಯದ ದಿನವೂ ಮಾಸ್ತರರು ಪಾಠ ತಪ್ಪಿಸಲಿಲ್ಲ. ಹೊರಗೆ ಪಾತ್ರೆಗಳ ಸದ್ದು, ಹೆಂಗಸರ ನಗು. ಒಳಕೋಣೆಯಲ್ಲಿ ಅವರು ತಲೆಗೆ ರುಮಾಲು ಸುತ್ತಿಕೊಂಡು ಕೂತಿದ್ದರು. ಬೀಗರು ಬರುವ ಮೊದಲೇ ರುಮಾಲೇಕೆ ಎಂದುಕೊಂಡಳು ಮೇದಿನಿ. ಇಬ್ಬರು ಹೂಲಿಯರು ಒಂದೇ ತರಹ ಕಾಣದಿದ್ದದ್ದು ಅಂದೇ ಮೊದಲು.

ಪಡಿರೋಗಿ ಅಂದಿನ ಪಾಠ ಶುರುಮಾಡಿದ. "ಬಚ್ಚಲದಾಗ ಕಾಲು ಜಾರಿತು. ತಲಿಗೆ ನಳ ಬಡೀತು. ರಕ್ತ ಏನೂ ಬಂದಿಲ್ಲ. ತಲಿ ಸ್ವಲ್ಪ ಭಾರ ಆಗೇತಿ, ಅಷ್ಟ. ಮಲಗಿ ಎದ್ರ ಹೋಗತೈತಿ, ಹೌದಿಲ್ಲೋ?"

ಇದು ಸುಲಭದ ಲೆಕ್ಕ. ಈ ಔಷಧಿ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದರೆ ಒಂದೇ ಉತ್ತರ: ಹೊರಗೆ ಏನೂ ಕಾಣದಿದ್ದರೂ ಕೂಡಲೇ ಆಸ್ಪತ್ರೆ. ಬುರುಡೆಯೊಳಗೆ ಸೋರುವ ರಕ್ತ ಸದ್ದು ಮಾಡುವುದಿಲ್ಲ. ಮೇದಿನಿ ಗುಡುಗಿಗಾಗಿ ಕಾದಳು.

ಮಾಸ್ತರರು ನೆಲ ನೋಡಿದರು. "ಹೂಂ," ಎಂದರು. "ಮಲಕೋ."

ಯಂತ್ರ ಹಳದಿ ಚುಕ್ಕಿ ಹಾಕಿಕೊಂಡಿತು. ಉತ್ತರ ತಪ್ಪು, ನಾಳೆ ಮತ್ತೆ ಇದೇ ಪಾಠ. ಮೇದಿನಿ ಆ ಚುಕ್ಕಿಯನ್ನು ನೋಡಿದಳು, ರುಮಾಲನ್ನು ನೋಡಿದಳು. ಕೂಡಲೇ ಮಾಸ್ತರರಿಗೆ ಫೋನ್ ಮಾಡಿದಳು.

"ಸರ್, ತಲಿಗೆ ಏನರ ಬಡಕೊಂಡೀರೇನ್ರಿ?"

"ಮನ್ಯಾಗ ನಿಶ್ಚಯ ಐತಿ ಗುತ್ತಲ. ಬೀಗರು ಬರೂ ಹೊತ್ತು. ಇಂಥಾ ದಿವಸ ದವಾಖಾನಿ ಮಾತು ಆಡಿ ಅಪಶಕುನ ಮಾಡಬ್ಯಾಡ. ನಾ ಆರಾಮ ಅದೀನಿ. ತಿಳೀತೇನು?"

"ಹೂಂ ರಿ, ಸರ್."

ಫೋನ್ ಇಟ್ಟ ಮೇಲೆ ತನ್ನ ಬಾಯಿಂದ ಬಂದದ್ದೇನೆಂದು ಅವಳಿಗೆ ಕೇಳಿಸಿತು. ಹೂಂ ಎಂಬುದರ ವಿರುದ್ಧ ಯಂತ್ರ ಕಟ್ಟಿದವಳು ಗುರುಗಳ ಒಂದು ಗದರಿಕೆಗೆ ಹೂಂ ಎಂದಿದ್ದಳು.

ಆಂಬುಲೆನ್ಸಿಗೆ ಹೇಳಿದಳು. ಮಾಸ್ತರರ ಹೆಂಡತಿ ನಾಗವ್ವನಿಗೆ ಫೋನ್ ಹಚ್ಚಿದಳು. ಆ ಗದ್ದಲದಲ್ಲಿ ಯಾರೂ ಎತ್ತಲಿಲ್ಲ. ಗಾಡಿಯೇನೋ ಬರುತ್ತದೆ, ಆದರೆ ಹುಲಿ ಅದನ್ನು ಗೇಟಿನಿಂದಲೇ ಓಡಿಸುತ್ತದೆ. ಅವರು ತಾವಾಗಿ ಹತ್ತಬೇಕು. ಅಷ್ಟರಲ್ಲಿ ಪರದೆಯ ಮುಂದಿನ ಮಂಚದ ಮೇಲೆ ಮಾಸ್ತರರು ಒರಗಿಕೊಳ್ಳುತ್ತಿದ್ದರು. ಮಲಗಿದರೆ ಮತ್ತೆ ಏಳುತ್ತಾರೆಂಬ ಭರವಸೆಯಿಲ್ಲ.

ಮೇದಿನಿ ಪಡಿರೋಗಿಯ ದನಿಯನ್ನು ಬಂದ್ ಮಾಡಿ, ಮೈಕನ್ನು ತನ್ನ ಬಾಯಿಗೆ ಹಿಡಿದಳು.

"ಹ್ಹಂ… ಹ್ಹಂ. ತಿಳೀತು ಅಂದವರು ಹಲಗಿ ಕಡೆ ಬರ್ರಿ," ಎಂದು ಪರದೆಯಿಂದ ಹುಲಿ ಗರ್ಜಿಸಿತು. "ಹೊರಗ ರಕ್ತ ಕಾಣಲಿಲ್ಲ ಅಂದ್ರ ಒಳಗೂ ಇಲ್ಲ ಅಂತ ಹೆಂಗ ಹೇಳ್ತಿ? ಸಾಧಿಸಿ ತೋರಸು."

ಒರಗಿದವರು ತಲೆ ಎತ್ತಿದರು. ಪರದೆಯನ್ನು ದುರುಗುಟ್ಟಿ ನೋಡಿದರು.

"ಏ ಗುತ್ತಲ, ನೀನೇನ? ನಾ ಎಂದೂ ಎರಡು ಸಲ ಖ್ಯಾಕರಸಂಗಿಲ್ಲ. ಒಂಬತ್ತನೇ ಕ್ಲಾಸಿನ್ಯಾಗೂ ನೀ ಇದ ತಪ್ಪ ಮಾಡಿದ್ದಿ."

"ತಪ್ಪಾತ್ರಿ ಸರ್," ಎಂದಳು ಅವಳು ತನ್ನ ದನಿಯಲ್ಲೇ. "ಆದ್ರ ಲೆಕ್ಕ ಬಿಡಸ್ರಿ. ನಿಮ್ಮ ಉತ್ತರ ಸರಿ ಇದ್ರ ಹಲಗಿ ಮ್ಯಾಲ ತೋರಸ್ರಿ."

ಹಲಗೆಗೆ ಕರೆದರೆ ಹೋಗದಿರುವುದು ಅವರ ರಕ್ತದಲ್ಲಿರಲಿಲ್ಲ. ಎದ್ದರು. ಸುಣ್ಣದ ಕಡ್ಡಿ ಹಿಡಿದು ತಲೆಬುರುಡೆಗೆಂದು ಒಂದು ವೃತ್ತ ಎಳೆಯತೊಡಗಿದರು. ಅರ್ಧಕ್ಕೇ ಗೆರೆ ಕೆಳಗೆ ಜಾರಿತು. ಕಂಪಾಸು ಇಲ್ಲದೆ ದುಂಡಗೆ ವೃತ್ತ ಬರೆಯುತ್ತಿದ್ದ ಕೈ ಅದು. ಒರೆಸಿ ಮತ್ತೆ ಎಳೆದರು. ಕಡ್ಡಿ ಬಿತ್ತು. ಬಗ್ಗಿ ಹೆಕ್ಕಿಕೊಂಡರು. ಮತ್ತೆ ಬಿತ್ತು.

ಅವರು ತಮ್ಮ ಬಲಗೈಯನ್ನು ಪೆದ್ದ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು.

"ಮೇದಿನಿ," ಎಂದರು. ಅವರು ಅವಳನ್ನು ಹೆಸರಿನಿಂದ ಕರೆದದ್ದು ಅದೇ ಮೊದಲು. "ಕೈ ನನ್ನ ಮಾತು ಕೇಳವಲ್ದು."

"ಗಾಡಿ ಗೇಟಿಗೆ ಬಂದೈತ್ರಿ ಸರ್. ಕುಂದರ್ರಿ, ನಡೀಬ್ಯಾಡ್ರಿ. ನಾಗವ್ವಾರನ್ನ ಕೂಗ್ರಿ."

"ಬೀಗರು…"

"ಬೀಗರಿಗೆ ನಾ ಹೇಳ್ತೀನ್ರಿ."

ಮಾಸ್ತರರು ಹೂಂ ಎನ್ನಲಿಲ್ಲ. ಎಡಗೈಯಿಂದ ರುಮಾಲು ಬಿಚ್ಚಿದರು. ಕಿವಿಯ ಮೇಲೆ ನಿಂಬೆಹಣ್ಣಿನಷ್ಟು ಬಾವು ಎದ್ದಿತ್ತು. "ನಾಗೂ," ಎಂದು ಕೂಗಿದರು. ಹೊರಗಿನ ನಗು ನಿಂತಿತು.

ಬುರುಡೆಗೂ ಮೆದುಳಿಗೂ ನಡುವೆ ರಕ್ತದ ಪದರ ಹಬ್ಬುತ್ತಿತ್ತು. ವೈದ್ಯರು ರಕ್ತವನ್ನು ಮತ್ತೆ ಹೆಪ್ಪುಗಟ್ಟಿಸುವ ಮದ್ದು ಕೊಟ್ಟು, ಸಣ್ಣ ರಂಧ್ರ ಕೊರೆದು ಅದನ್ನು ತೆಗೆದರು. ಬೀಗರು ಹಣ್ಣಿನ ತಟ್ಟೆಯ ಸಮೇತ ಆಸ್ಪತ್ರೆಗೇ ಬಂದರು. ನಿಶ್ಚಯ ಮುರಿಯಲಿಲ್ಲ.

ಚೇತರಿಸಿಕೊಂಡ ಮಾಸ್ತರರು ಮೇದಿನಿಯನ್ನು ಕರೆಸಿ ಕೇಳಿದರು. "ನಾ ತಪ್ಪು ಉತ್ತರ ಹೇಳಿದೆ. ನಿನ್ನ ಯಂತ್ರ ಏನು ಮಾಡ್ತು?"

"ಅದ ಪಾಠಾ ನಾಳೆಗೆ ಇಟ್ಟಿತ್ರಿ."

"ನಾ ಫೋನಿನ್ಯಾಗ ಸುಳ್ಳು ಹೇಳಿದೆ. ನೀ ಏನು ಮಾಡಿದಿ?"

"ಹೂಂ ಅಂದ್ನಿರಿ, ಸರ್."

"ಹಂಗಾರ ದಡ್ಡನ್ನ ಬರೇ ನನ್ನ ಮುಂದ ಕುಂಡ್ರಿಸಿ ಏನುಪಯೋಗ? ಕೇಳಾಂವಗ ಕಲಿಸಿದಿ. ಹೇಳಾಂವಗ?"

ಮೇದಿನಿ ಈಗ ವೈದ್ಯರಿಗಾಗಿ ಹೊಸ ಪಾಠ ಕಟ್ಟುತ್ತಿದ್ದಾಳೆ. ಇದರ ಪಡಿರೋಗಿ ಎಲ್ಲಕ್ಕೂ ಹೂಂ ಎನ್ನುತ್ತಾನೆ. ಆ ಹೂಂ ಅರ್ಥವಾದದ್ದೋ, ಅಂಜಿಕೆಯದೋ, ಹೊರಗೆ ಕಾಯುತ್ತಿರುವ ಬೀಗರದ್ದೋ ಎಂದು ವೈದ್ಯರು ಕೇಳಿ ಕಂಡುಕೊಳ್ಳಬೇಕು. ಯಂತ್ರಕ್ಕೆ ಇದನ್ನು ಕಲಿಸಲು ಅವಳು ತಾನು ಹುಟ್ಟುವ ಮುಂಚಿನ ಆಸ್ಪತ್ರೆಗಳ ದನಿಮುದ್ರಣಗಳನ್ನು ತರಿಸಿ ಕೇಳುತ್ತಾಳೆ. ಆ ಕಾಲದ ಹೊರರೋಗಿ ವಿಭಾಗದಲ್ಲಿ ಫ್ಯಾನಿನ ಸದ್ದು, ಕೆಮ್ಮು, ಚೀಟಿ ಹರಿಯುವ ಸದ್ದು. ವೈದ್ಯರು ಕೇಳುತ್ತಾರೆ, "ಈ ಮಾತ್ರೆ ತಪ್ಪಿಸಬಾರದು, ತಿಳೀತಾ?"

"ಹೂಂ," ಎನ್ನುತ್ತದೆ ಯಾವುದೋ ದನಿ.

ಅದು ಎಂಥ ಹೂಂ ಎಂದು ಮೇದಿನಿ ಕಣ್ಣು ಮುಚ್ಚಿ ಆಲಿಸುತ್ತಾಳೆ. ಅಷ್ಟರಲ್ಲಿ ಕುರ್ಚಿ ಸರಿಯುತ್ತದೆ. ವೈದ್ಯರ ದನಿ ಬಾಗಿಲಿನತ್ತ ತಿರುಗಿ ಕರೆಯುತ್ತದೆ:

"ನೆಕ್ಸ್ಟ್."