ಬೆರಳಿಗೆ ಸಿಗುವ ಹೆಸರು

ಸಿಟ್ಟು ಬಂದರೆ ನನಗೆ ಮೊದಲು ಕಣ್ಣೀರು ಬರುತ್ತದೆ. ಆ ಗುರುವಾರ ಕೂಡ್ಲಿಗಿಯಲ್ಲಿ, ಕಲ್ಲು ಕೆತ್ತುವ ಓಬಳೇಶನ ಶೆಡ್ಡಿನಲ್ಲಿ ನಿಂತು ಅಳುತ್ತಲೇ ಬೈದೆ.

"ಇದು ಯಾರ ಸ್ಮಾರಕರಿ? ನಮ್ಮ ತಾತಂದೋ, ಚರ್ಚ್ ಕಮಿಟಿ ಅಧ್ಯಕ್ಷರದೋ?"

ಎರಡು ವರ್ಷದಿಂದ ಕೊಟ್ಟೂರು ಬಸ್ಸಿಗೆ ಹೋಗುವಾಗ ಅವನ ಶೆಡ್ಡಿನ ಮುಂದೆ ನಡಿಗೆ ನಿಧಾನ ಮಾಡುತ್ತಿದ್ದವಳು ನಾನು. ಅವನೊಂದಿಗೆ ಆಡಿದ ಮೊದಲ ಮಾತೇ ಈ ಬೈಗುಳ.

ಕಲ್ಲಿನ ಮೇಲೆ ಅಧ್ಯಕ್ಷರ ಹೆಸರು ಗೇಣುದ್ದ ಇತ್ತು. ಅದರಡಿ ಕಮಿಟಿಯ ಒಂಬತ್ತು ಜನ. ಎಲ್ಲರಿಗಿಂತ ಕೆಳಗೆ, ಇರುವೆ ಸಾಲಿನಂತೆ, ಪಾದ್ರಿ ದೇವಪುತ್ರಪ್ಪ. ಎಪ್ಪತ್ತೊಂದರ ಯುದ್ಧದಲ್ಲಿ ಸೈನ್ಯದ ಪಾದ್ರಿಯಾಗಿದ್ದ ನನ್ನ ತಾತ. ಬಂದೂಕಿಲ್ಲದೆ ಮುಂದಿನ ಸಾಲಿಗೆ ಹೋಗಿ, ಸಾಯುವ ಹುಡುಗರ ಕೈ ಹಿಡಿದು ಕೂತವನು. ಅವನನ್ನು ಗಡಿಯಲ್ಲೇ ಹೂಳಿದರು. ಅಜ್ಜಿಗೆ ಹೂವಿಡಲು ಒಂದು ಸಮಾಧಿಯೂ ಸಿಗಲಿಲ್ಲ.

"ಕಮಿಟಿಯವರು ಬರೆದು ಕೊಟ್ಟಂಗ ಕೆತ್ತೀನ್ರಿ," ಎಂದ ಓಬಳೇಶ. ಅವನ ರೆಪ್ಪೆಯ ಮೇಲೆಲ್ಲ ಕಲ್ಲಿನ ಪುಡಿ. ಇಂಥ ಹೊತ್ತಿನಲ್ಲೂ ಅದನ್ನು ಗಮನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

"ನಮ್ಮಜ್ಜಿಗೆ ಕಣ್ಣು ಕಾಣಂಗಿಲ್ರಿ. ಭಾನುವಾರ ಈ ಕಲ್ಲು ಮುಟ್ಟಿ ತಾತನ ಹೆಸರು ಓದ್ತೀನಿ ಅಂತ ಕುಂತಾಳ. ಮೂವತ್ತು ವರ್ಷ ಕಾದಾಳ. ಆಕಿ ಬೆರಳಿಗೆ ಯಾರು ಸಿಗ್ತಾರ? ಅಧ್ಯಕ್ಷರು."

ಅವನ ಉಳಿ ನಿಂತಿತು. ಕಲ್ಲನ್ನು ನೋಡಿದ, ಆಮೇಲೆ ನನ್ನನ್ನು, ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು.

"ಮುಟ್ಟಿ ಓದೋರು ಅದಾರ ಅಂತ ನನಗ ಯಾರೂ ಹೇಳಲಿಲ್ಲರಿ," ಎಂದ.

ಅಷ್ಟೇ. ಮುಂದೆ ಅವನಿಂದ ಸುದ್ದಿಯಿಲ್ಲ. ಅವನ ಮುಖ ನೋಡಬಾರದೆಂದು ಬೇರೆ ಓಣಿಯಿಂದ ಬಸ್ಸಿಗೆ ಹೋದೆ. ಅಧ್ಯಕ್ಷರ ಮನೆಗೆ ಹೋಗಿ ಕೇಳಿದರೆ, "ಹೆಸರು ಐತಲ್ಲ, ಸುವಾರ್ತಾ. ಮತ್ತೇನು ಬೇಕು ನಿನಗ?" ಎಂದು ಬಾಗಿಲು ಹಾಕಿಕೊಂಡರು.

ಭಾನುವಾರ ಆರಾಧನೆ ಮುಗಿದ ಮೇಲೆ ಅವರೇ ಕಲ್ಲಿನ ಬಟ್ಟೆ ಸರಿಸಿದರು. ಅವರ ನಗು ಅಲ್ಲೇ ನಿಂತಿತು. ಕಲ್ಲಿನ ತುಂಬ ಒಂದೇ ಹೆಸರು, ಬೆರಳು ಇಳಿಯುವಷ್ಟು ಆಳ: ಪಾದ್ರಿ ದೇವಪುತ್ರಪ್ಪ.

"ಯಾರನ್ನ ಕೇಳಿ ಮಾಡಿದಿ?" ಅಧ್ಯಕ್ಷರು ಕಲ್ಲಿನ ಪಕ್ಕ ನಿಂತಿದ್ದ ಓಬಳೇಶನತ್ತ ತಿರುಗಿದರು.

"ನಿಮ್ಮ ಹೆಸರು ಎಲ್ಲೂ ಹೋಗಿಲ್ರಿ," ಓಬಳೇಶ ತಣ್ಣಗೆ ಹೇಳಿದ. "ಕಲ್ಲಿನ ಹಿಂದಗಡಿ ಹಂಗ ಐತಿ."

ಕೀಳಿಸಿ ಎನ್ನಲು ಅಧ್ಯಕ್ಷರು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯ ಕೈ ಕಲ್ಲಿನ ಮೇಲಿತ್ತು. ಒಂದೊಂದು ಅಕ್ಷರಕ್ಕೂ ನಿಂತು ಬೆರಳಾಡಿಸಿದಳು. "ಬಂದ್ರೇನ್ರಿ," ಎಂದಳು ಮೆಲ್ಲಗೆ. ಅಧ್ಯಕ್ಷರು ತೆರೆದ ಬಾಯಿ ಮುಚ್ಚಿಕೊಂಡರು.

ನಾನು ಓಬಳೇಶನ ಪಕ್ಕ ಹೋಗಿ ನಿಂತೆ. ಅವನ ಅಂಗೈಯಲ್ಲಿ ಹೊಸ ಬೊಬ್ಬೆಗಳಿದ್ದವು.

"ಇನ್ನೂ ಸಿಟ್ಟು ಐತೇನ್ರಿ?"

"ಐತಿ. ಒಂದು ಮಾತು ಹೇಳಿ ಕಳಿಸಬಾರದಿತ್ತೇನು?"

"ಮತ್ತ ಬೈಯಾಕ ಬರ್ತೀರಿ ಅಂತ ಕಾದೆ. ನೀವು ಆ ದಾರೀನ ಬಿಟ್ರಿ." ಅವನು ತಲೆ ತಗ್ಗಿಸಿದ. "ದಿನಾ ಬಂದು ಬೈರಿ. ನನಗ ಬೇಕಾಗೇತಿ."

"ದಿನಾ ಅಡ್ಡಾಡಾಕ ನನ್ನ ಕೈಲಿ ಆಗಂಗಿಲ್ಲ," ಎಂದೆ, ಕಣ್ಣೊರೆಸಿಕೊಂಡು. "ಬಂದು ಅಲ್ಲೇ ಇದ್ದುಬಿಡ್ತೀನಿ."